ಮಲೆನಾಡಿನಿಂದ ಯುದ್ಧನೌಕೆಗೆ: ಎಲೆಕ್ಟ್ರಿಕಲ್ ಎಂಜಿನಿಯರ್ ವೃತ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪಾಲಿಟೆಕ್ನಿಕ್ ಮುಗಿಸಿದವರು ಹಾಗೂ ಅವರ ತಂದೆತಾಯಿಯರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ಹಾಸನ ಜಿಲ್ಲೆಯವನು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಮೊದಲು ಯುದ್ಧನೌಕೆ ಕಟ್ಟುವ ಕೆಲಸದಲ್ಲಿಯೂ ಬಳಿಕ ನೌಕೆಗಳ ವಿದ್ಯುತ್ ವ್ಯವಸ್ಥೆಯ ನಿರ್ವಹಣೆ ಮತ್ತು ದುರಸ್ತಿಯ ಮೇಲ್ವಿಚಾರಣೆಯಲ್ಲಿಯೂ ದುಡಿದು, ಈಗ ಊರಿಗೆ ಮರಳಿದ್ದೇನೆ. ವಯೋಮಿತಿ, ಹುದ್ದೆಗಳ ಸಂಖ್ಯೆ ಮೊದಲಾದವು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುವುದರಿಂದ ಅವುಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಬೇಕು. ಇಲ್ಲಿ ನಾನು ಹೆಚ್ಚಾಗಿ ಹೇಳಿರುವುದು ಕೆಲಸದ ಸ್ವರೂಪವನ್ನು.

ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಬೆಳೆದವರಿಗೆ ಈ ವೃತ್ತಿ ಒಗ್ಗುತ್ತದೆಯೇ?

ಒಗ್ಗುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಕರಾವಳಿ. ಅಲ್ಲಿಂದ ಉತ್ತರಕ್ಕೆ ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಇನ್ನೂ ಮುಂದೆ ಕಾರವಾರದಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ ಐಎನ್‌ಎಸ್ ಕದಂಬ ಮತ್ತು ಅದರ ನೌಕಾ ದುರಸ್ತಿ ಯಾರ್ಡ್ ಇವೆ. ಮಂಗಳೂರಿನಿಂದ ದಕ್ಷಿಣಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಏಳಿಮಲದಲ್ಲಿ ನೌಕಾಪಡೆಯ ಅಧಿಕಾರಿಗಳಿಗೆ ತರಬೇತಿ ನೀಡುವ ಅಕಾಡೆಮಿ ಇದೆ. ದೂರದ ಮಾತು ಇಷ್ಟೇ.

ನಮ್ಮ ಕಡೆಯವರು ಈ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಅರಿವನ್ನು ಮನೆಯಿಂದಲೇ ಒಯ್ಯುತ್ತಾರೆ, ಅದು ತೇವದ ಅರಿವು. ಮಳೆಗಾಲವಿಡೀ ಪಲ್ಪರ್ ಮನೆಯಲ್ಲಿ ಸುಮ್ಮನೆ ನಿಂತಿದ್ದ ಮೋಟಾರನ್ನು ಕಾಫಿ ಕೊಯ್ಲಿಗೆ ಮುಂಚೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡದೆ ಚಾಲೂ ಮಾಡಬಾರದೆಂಬುದು ಮೂಡಿಗೆರೆ, ಸಕಲೇಶಪುರ ಭಾಗದ ಒಳ್ಳೆಯ ಎಲೆಕ್ಟ್ರಿಷಿಯನ್‌ಗಳಿಗೆಲ್ಲ ಗೊತ್ತು. ವೈಂಡಿಂಗ್ ತೇವ ಹಿಡಿದು ಮೆಗ್ಗರಿನ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಂದರೆ ಅವರು ಮೋಟಾರಿನ ಮುಚ್ಚಳ ಬಿಚ್ಚಿ, ಒಳಗೆ 100 ವಾಟಿನ ಬಲ್ಬು ಇಳಿಬಿಟ್ಟು, ಮೇಲೊಂದು ಗೋಣಿ ಹೊದಿಸಿ, ಒಂದೆರಡು ದಿನ ಒಣಗಿಸಿ ಮತ್ತೆ ಅಳೆಯುತ್ತಾರೆ. ಹಡಗಿನ ದೊಡ್ಡ ಮೋಟಾರು ಮತ್ತು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರುಗಳಲ್ಲಿ ಇದೇ ಉದ್ದೇಶಕ್ಕೆ ತಯಾರಕರೇ ಒಂದು ಸಣ್ಣ ಹೀಟರನ್ನು ಕೂರಿಸಿರುತ್ತಾರೆ. ಯಂತ್ರ ನಿಂತ ಕೂಡಲೇ ಅದು ತಾನಾಗಿ ಚಾಲೂ ಆಗಿ ವೈಂಡಿಂಗನ್ನು ಬೆಚ್ಚಗಿಡುತ್ತದೆ. ನಾನು ಮೊದಲ ಸಲ ಅದನ್ನು ಕಂಡಾಗ ನೆನಪಾದದ್ದು ನಮ್ಮ ಪಲ್ಪರ್ ಮನೆಯ ಆ ಬಲ್ಬು.

ಹಡಗಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಅಷ್ಟೊಂದು ಕೆಲಸ ಇರುತ್ತದೆಯೇ? ಅದು ಮೆಕ್ಯಾನಿಕಲ್‌ನವರ ಕ್ಷೇತ್ರವಲ್ಲವೇ?

ಹಡಗನ್ನು ಮುಂದಕ್ಕೆ ತಳ್ಳುವ ಎಂಜಿನ್ನಷ್ಟನ್ನೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ದಡ ಬಿಟ್ಟ ಹಡಗು ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿ, ತಾನೇ ಹಂಚಿಕೊಂಡು, ಕೆಟ್ಟರೆ ತಾನೇ ಸರಿಪಡಿಸಿಕೊಳ್ಳಬೇಕಾದ ಒಂದು ಊರು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ 262 ಮೀಟರ್ ಉದ್ದವಿದ್ದು, ಅದರಲ್ಲಿ ಸುಮಾರು 2,200 ಕೋಣೆಗಳಿವೆ ಮತ್ತು ಸುಮಾರು 1,600 ಮಂದಿಗೆ ನೆಲೆಯಿದೆ. ಅದನ್ನು ಓಡಿಸುವುದು ನಾಲ್ಕು ಗ್ಯಾಸ್ ಟರ್ಬೈನುಗಳು. ಅದರ ದೀಪ, ಪಂಪು, ಹವಾನಿಯಂತ್ರಣ, ರೇಡಾರ್, ವಿಮಾನ ಲಿಫ್ಟು, ಅಡುಗೆಮನೆ, ಆಸ್ಪತ್ರೆ ಎಲ್ಲವನ್ನೂ ನಡೆಸುವುದಕ್ಕೆ ಪ್ರತ್ಯೇಕವಾಗಿ ತಲಾ 3 ಮೆಗಾವಾಟಿನ ಎಂಟು ಡೀಸೆಲ್ ಆಲ್ಟರ್ನೇಟರುಗಳಿವೆ. ಒಡಲೊಳಗೆ ಓಡಾಡಿರುವ ಕೇಬಲ್ಲಿನ ಒಟ್ಟು ಉದ್ದ 2,000 ಕಿಲೋಮೀಟರಿಗೂ ಹೆಚ್ಚು. ಆ ಕೇಬಲ್ಲಿನ ಪ್ರತಿ ತುದಿಗೂ ಒಂದು ಗುರುತು, ಒಂದು ಪರೀಕ್ಷೆ ಮತ್ತು ಒಂದು ಸಹಿ ಇರುತ್ತವೆಯೆಂದರೆ ಕೆಲಸ ಎಷ್ಟಿರಬಹುದೆಂದು ನೀವೇ ಊಹಿಸಿಕೊಳ್ಳಿ.

ದಡದ ವಿದ್ಯುತ್ತಿಗೂ ಹಡಗಿನ ವಿದ್ಯುತ್ತಿಗೂ ಏನು ವ್ಯತ್ಯಾಸ?

ಕಾಲೇಜಿನಲ್ಲಿ ಕಲಿತದ್ದರಲ್ಲಿ ಬಹುಪಾಲು ಅಲ್ಲಿಯೂ ಸಲ್ಲುತ್ತದೆ. ಆದರೆ ಮೂರು ಸಂಗತಿಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ, ಅವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಫ್ರೀಕ್ವೆನ್ಸಿ. ನಮ್ಮ ತೋಟದ ಪಂಪಿಗೆ ಬರುವುದು 415 ವೋಲ್ಟ್, 50 ಹರ್ಟ್ಸ್. ಜಗತ್ತಿನ ಬಹುತೇಕ ಹಡಗುಗಳಲ್ಲಿರುವುದು 440 ವೋಲ್ಟ್, 60 ಹರ್ಟ್ಸ್, ಮತ್ತು ನಮ್ಮ ನೌಕಾಪಡೆಯ ರಷ್ಯಾ ಮೂಲದ ನೌಕೆಗಳಲ್ಲಿ 380 ವೋಲ್ಟ್, 50 ಹರ್ಟ್ಸ್ ಕಾಣಸಿಗುತ್ತದೆ. ನಾಲ್ಕು ಪೋಲಿನ ಮೋಟಾರಿನ ಸಿಂಕ್ರೊನಸ್ ವೇಗ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1,500 ಸುತ್ತಾದರೆ 60 ಹರ್ಟ್ಸ್‌ನಲ್ಲಿ 1,800 ಸುತ್ತಾಗುವುದರಿಂದ, ಅಷ್ಟೇ ಶಕ್ತಿಯ ಯಂತ್ರವನ್ನು ಚಿಕ್ಕದಾಗಿ, ಹಗುರವಾಗಿ ಮಾಡಬಹುದು. ಜಾಗ ಮತ್ತು ತೂಕ ಎರಡಕ್ಕೂ ಲೆಕ್ಕವಿಡುವ ಹಡಗಿನಲ್ಲಿ ಇದು ದೊಡ್ಡ ಅನುಕೂಲ. ಹಡಗು ದಡಕ್ಕೆ ಬಂದು ದಡದ ವಿದ್ಯುತ್ ತೆಗೆದುಕೊಳ್ಳುವಾಗ ಮಾತ್ರ ಎಚ್ಚರ ಬೇಕು. 440 ವೋಲ್ಟ್, 60 ಹರ್ಟ್ಸ್‌ಗೆಂದು ಮಾಡಿದ ಮೋಟಾರಿಗೆ 415 ವೋಲ್ಟ್, 50 ಹರ್ಟ್ಸ್ ಕೊಟ್ಟರೆ ವೋಲ್ಟೇಜ್ ಕಡಿಮೆಯೇ ಇದೆಯಲ್ಲ ಎಂದು ತೋರಿದರೂ ಫ್ರೀಕ್ವೆನ್ಸಿ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇಳಿದಿರುವುದರಿಂದ ಕಬ್ಬಿಣದಲ್ಲಿ ಫ್ಲಕ್ಸ್ (ಕಾಂತ ಹರಿವು) ಏರಿ ಮೋಟಾರು ಅತಿಯಾಗಿ ಬಿಸಿಯಾಗುತ್ತದೆ. ಆದ್ದರಿಂದಲೇ ನೌಕಾನೆಲೆಗಳ ಜೆಟ್ಟಿಯಲ್ಲಿ ಫ್ರೀಕ್ವೆನ್ಸಿ ಕನ್ವರ್ಟರುಗಳನ್ನು ಇಟ್ಟಿರುತ್ತಾರೆ.

ಎರಡನೆಯದು ಅರ್ಥಿಂಗ್. ಮನೆಯಲ್ಲಿ ನ್ಯೂಟ್ರಲನ್ನು ಭೂಮಿಗೆ ಕಟ್ಟಿರುತ್ತೇವೆ, ಫೇಸ್ ತಂತಿ ಭೂಮಿಗೆ ತಗಲಿದರೆ ಫ್ಯೂಸ್ ಹಾರಬೇಕು ಎಂಬುದು ಅದರ ಉದ್ದೇಶ. ಹಡಗಿನ ಈ 440 ವೋಲ್ಟಿನ ವ್ಯವಸ್ಥೆಯಲ್ಲಿ ನ್ಯೂಟ್ರಲನ್ನು ಉಕ್ಕಿನ ಒಡಲಿಗೆ ಕಟ್ಟದೆ ಬಿಟ್ಟಿರುತ್ತಾರೆ. ಒಂದು ಫೇಸ್ ಒಡಲಿಗೆ ತಗಲಿದರೂ ಯಂತ್ರ ನಿಲ್ಲುವುದಿಲ್ಲ. ಸ್ವಿಚ್‌ಬೋರ್ಡಿನ ಮೇಲಿರುವ ಮೂರು ಅರ್ಥ್ ದೀಪಗಳಲ್ಲಿ ಒಂದು ಮಂಕಾಗಿ ಉಳಿದೆರಡು ಹೆಚ್ಚು ಬೆಳಗುತ್ತವೆ. ಅದನ್ನು ಕಂಡ ಕೂಡಲೇ ಒಂದೊಂದೇ ಫೀಡರನ್ನು (ಸ್ವಿಚ್‌ಬೋರ್ಡಿನಿಂದ ಹೊರಡುವ ಲೈನನ್ನು) ಕ್ಷಣಕಾಲ ಬಿಡಿಸಿ ನೋಡುತ್ತ, ಯಾವುದನ್ನು ಬಿಡಿಸಿದಾಗ ಮೂರೂ ದೀಪಗಳು ಸಮನಾಗುತ್ತವೆಯೋ ಅಲ್ಲಿ ದೋಷವಿದೆಯೆಂದು ಹಿಡಿಯಬೇಕು. ಹಾಗೆ ಹಿಡಿಯದೆ ಬಿಟ್ಟು, ಇನ್ನೊಂದು ಫೇಸಿನಲ್ಲಿಯೂ ದೋಷ ಬಂದರೆ ಅದು ನೇರ ಶಾರ್ಟ್ ಸರ್ಕ್ಯೂಟ್.

ಮೂರನೆಯದು ನನಗೆ ಬಹಳ ಹಿಡಿಸಿದ ವಿಷಯ. ತೋಟದ ಪಂಪಿನ ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇ ಮೋಟಾರು ಸುಡದಂತೆ ಅದನ್ನು ನಿಲ್ಲಿಸುತ್ತದೆ. ಹಡಗಿನ ಚುಕ್ಕಾಣಿ ತಿರುಗಿಸುವ ಮೋಟಾರಿಗೆ ಶಾರ್ಟ್ ಸರ್ಕ್ಯೂಟಿನಿಂದ ಮಾತ್ರ ರಕ್ಷಣೆ ಕೊಟ್ಟು, ಓವರ್‌ಲೋಡಿಗೆ ಎಚ್ಚರಿಕೆಯ ಗಂಟೆಯನ್ನಷ್ಟೇ ಕೊಟ್ಟಿರುತ್ತಾರೆ. ಇಕ್ಕಟ್ಟಾದ ಜಲಮಾರ್ಗದಲ್ಲಿ ಚುಕ್ಕಾಣಿ ನಿಂತರೆ ಹಡಗೇ ಹೋಗುತ್ತದೆ, ಮೋಟಾರು ಸುಟ್ಟರೆ ಇನ್ನೊಂದು ಮೋಟಾರಿದೆ ಎಂಬುದು ಲೆಕ್ಕ. ಯಾವುದನ್ನು ಉಳಿಸಲು ಯಾವುದನ್ನು ಬಿಟ್ಟುಕೊಡಬೇಕು ಎಂಬ ಪ್ರಶ್ನೆಯನ್ನು ಹಡಗಿನ ಪ್ರತಿ ಸರ್ಕ್ಯೂಟಿನಲ್ಲಿಯೂ ಯಾರೋ ಮೊದಲೇ ಯೋಚಿಸಿ ಉತ್ತರಿಸಿರುತ್ತಾರೆ. ಡ್ರಾಯಿಂಗ್ ಓದುವುದೆಂದರೆ ಆ ಉತ್ತರವನ್ನು ಓದುವುದು.

ಯಾವ ಯಾವ ದಾರಿಗಳಿಂದ ಈ ವೃತ್ತಿಗೆ ಸೇರಬಹುದು?

ಬಿ.ಇ. ಮುಗಿಸಿದವರಿಗೆ ಮುಖ್ಯವಾಗಿ ಎರಡು ದಾರಿ. ನೌಕಾಪಡೆಯ ತಾಂತ್ರಿಕ ಶಾಖೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಅಧಿಕಾರಿಯಾಗುವುದು ಒಂದು. ಇದಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ಶೇಕಡಾ 60 ಅಂಕ ಕೇಳುತ್ತಾರೆ, ಎಸ್‌ಎಸ್‌ಬಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನವಿರುತ್ತದೆ, ಅದರ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ಇದೆ. ಆಯ್ಕೆಯಾದವರು ಏಳಿಮಲದಲ್ಲಿ ಮೂಲ ತರಬೇತಿ ಪಡೆದು, ವಿದ್ಯುತ್ ವಿಷಯದ ತರಬೇತಿಗಾಗಿ ಜಾಮ್‌ನಗರದ ಐಎನ್‌ಎಸ್ ವಲ್ಸುರಾಗೆ ಹೋಗುತ್ತಾರೆ. 1942ರಷ್ಟು ಹಿಂದೆ ಆರಂಭವಾದ ಸಂಸ್ಥೆ ಅದು.

ಇನ್ನೊಂದು ದಾರಿ ಶಿಪ್‌ಯಾರ್ಡಿನ ಉದ್ಯೋಗ. ಮುಂಬೈಯ ಮಝಗಾಂವ್ ಡಾಕ್, ಕೋಲ್ಕತ್ತದ ಗಾರ್ಡನ್ ರೀಚ್, ಗೋವಾ ಶಿಪ್‌ಯಾರ್ಡ್, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್, ಕೊಚ್ಚಿನ್ ಶಿಪ್‌ಯಾರ್ಡ್ ಇವು ಸಾರ್ವಜನಿಕ ವಲಯದವು. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ಐಎನ್‌ಎಸ್ ಅಜಯ್ 1961ರಲ್ಲಿ ಗಾರ್ಡನ್ ರೀಚ್‌ನಿಂದ ಹೊರಬಂದಿತು. ನಮ್ಮವರಿಗೆ ಹೆಸರಿನಿಂದಲೇ ಹತ್ತಿರವಾಗುವ ಈಗಿನ ಐಎನ್‌ಎಸ್ ಮೈಸೂರು 1999ರಲ್ಲಿ ಮಝಗಾಂವ್ ಡಾಕ್‌ನಿಂದ ನೌಕಾಪಡೆಗೆ ಸೇರಿತು.

ಡಿಪ್ಲೊಮಾ ಅಥವಾ ಐಟಿಐ ಮಾಡಿದವರಿಗೆ ಅವಕಾಶ ಇದೆಯೇ?

ಇದೆ, ಮತ್ತು ಅವರಿಲ್ಲದೆ ಹಡಗು ಆಗುವುದಿಲ್ಲ. ಶಿಪ್‌ಯಾರ್ಡುಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ, ಮುಂಬೈ ಮತ್ತು ವಿಶಾಖಪಟ್ಟಣದ ನೌಕಾ ಡಾಕ್‌ಯಾರ್ಡುಗಳಲ್ಲಿ ಅಪ್ರೆಂಟಿಸ್ ಶಾಲೆಗಳಿವೆ. ಕೇಬಲ್ ಎಳೆಯುವ, ತಂತಿಯ ತುದಿಗೆ ಲಗ್ ಒತ್ತುವ, ಕೇಬಲ್ ಒಳಹೋಗುವ ಕಡೆ ಗ್ಲ್ಯಾಂಡ್ ಬಿಗಿಯುವ ಕೈಗಳು ಅವರವು. ಡಿಪ್ಲೊಮಾದವರು ಮೇಲ್ವಿಚಾರಕರಾಗಿ ಬೆಳೆಯುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಮೇಲ್ವಿಚಾರಣೆ ಎಂದರೆ ನಿಜವಾಗಿ ಏನು ಮಾಡುತ್ತಾರೆ? ಕೈಕಟ್ಟಿ ನಿಂತು ನೋಡುವ ಕೆಲಸವೇ?

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ನಾನು ಇಷ್ಟೆಲ್ಲ ಬರೆಯಲು ಕುಳಿತದ್ದು. ತೋಟದಲ್ಲಿ ರೈಟರು ಸಂಜೆ ಎಷ್ಟು ಆಳು ಬಂದರು, ಎಷ್ಟು ಕೆ.ಜಿ. ಹಣ್ಣು ಕೊಯ್ದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಹಡಗಿನ ಮೇಲ್ವಿಚಾರಕನಿಗೂ ಅಂಥ ಎಣಿಕೆ ಇದೆ. ಆದರೆ ಅವನ ಮುಖ್ಯ ಕೆಲಸ, ನಾಳೆ ಹಲಗೆ ಹೊಡೆದು ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಬೀಳದಂತಾಗುವುದನ್ನು ಇಂದೇ ನೋಡಿ, ಸರಿಯಿದೆಯೆಂದು ಸಹಿ ಹಾಕುವುದು.

ನನಗಾದ ಒಂದು ಅನುಭವವನ್ನು ಹೇಳುತ್ತೇನೆ. ಹಡಗಿನ ಒಂದು ಕೋಣೆಗೆ ನೀರು ನುಗ್ಗಿದರೆ ಪಕ್ಕದ ಕೋಣೆಗೆ ಹೋಗಬಾರದು, ಆದ್ದರಿಂದ ಉಕ್ಕಿನ ಅಡ್ಡಗೋಡೆಯ ಮೂಲಕ ಕೇಬಲ್ ದಾಟಿಸುವ ಕಡೆ ಒಂದು ಚೌಕಟ್ಟನ್ನು ಬೆಸೆದು, ಪ್ರತಿ ಕೇಬಲ್ಲಿನ ಗಾತ್ರಕ್ಕೆ ಸರಿಯಾಗಿ ಅರ್ಧವೃತ್ತ ಕೊರೆದ ರಬ್ಬರ್ ತುಂಡುಗಳನ್ನು ಜೋಡಿಜೋಡಿಯಾಗಿ ಕೂರಿಸಿ, ಮೇಲಿನಿಂದ ಬೋಲ್ಟಿನ ಒತ್ತಡ ಕೊಟ್ಟು ಬಿಗಿಯುತ್ತಾರೆ. ಅಂಥ ಒಂದು ಚೌಕಟ್ಟನ್ನು ನಾನು ನೋಡಿ, ಬಿಗಿ ಪರೀಕ್ಷಿಸಿ, ಸಹಿ ಹಾಕಿದ್ದೆ. ಎರಡು ವಾರದ ನಂತರ ಆ ಕೋಣೆಗೆ ಗಾಳಿ ತುಂಬಿ ಪರೀಕ್ಷೆ ಮಾಡಿದಾಗ ಒತ್ತಡ ನಿಲ್ಲಲೇ ಇಲ್ಲ. ವೆಲ್ಡಿಂಗ್ ಜೋಡಣೆಗಳನ್ನೆಲ್ಲ ಹುಡುಕಿ ಸಾಕಾದ ಮೇಲೆ, ಮಂಗಳೂರು ಕಡೆಯ ಹಿರಿಯ ಫೋರ್‌ಮನ್ ಒಬ್ಬರು ಸೋಪಿನ ನೀರಿನ ಡಬ್ಬಿ ಮತ್ತು ಬ್ರಷ್ ಹಿಡಿದು ಬಂದು ನನ್ನ ಚೌಕಟ್ಟಿಗೆ ಬಳಿದರು. ಕೆಳಗಿನ ಸಾಲಿನಲ್ಲಿ, ಬಲಗಡೆಯಿಂದ ಎರಡನೆಯ ಕೇಬಲ್ಲಿನ ಸುತ್ತ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. “ಸಾರ್, ಈ ಕೇಬಲ್ ನೀವು ನೋಡಿದ ದಿನ ಇತ್ತಾ?” ಎಂದು ಅವರು ಮೆಲ್ಲಗೆ ಕೇಳಿದರು. ಇರಲಿಲ್ಲ. ನಾನು ಸಹಿ ಹಾಕಿದ ಮೇಲೆ ಬೇರೊಂದು ತಂಡ ಡ್ರಾಯಿಂಗ್ ಬದಲಾವಣೆಯಂತೆ ಒಂದು ಕೇಬಲ್ ಹೆಚ್ಚುವರಿಯಾಗಿ ಎಳೆದು, ಅಳತೆಗೆ ಹೊಂದದ ರಬ್ಬರ್ ತುಂಡನ್ನು ತುರುಕಿ ಹೋಗಿತ್ತು. ಆದರೆ ಕಾಗದದಲ್ಲಿದ್ದದ್ದು ನನ್ನ ಹೆಸರು. ಡ್ರಾಯಿಂಗ್ ಬದಲಾದ ಸುದ್ದಿ ನನ್ನ ಮೇಜಿಗೆ ಬಂದಿದ್ದರೂ, ಈಗಾಗಲೇ ಸಹಿಯಾದ ಜಾಗಕ್ಕೆ ಅದರಿಂದ ತೊಂದರೆಯಾದೀತೇ ಎಂದು ನಾನು ಮರಳಿ ಹೋಗಿ ನೋಡಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲು ಅದು. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ಚೌಕಟ್ಟಿಗೂ ಕೇಬಲ್ಲುಗಳ ಸಂಖ್ಯೆಯನ್ನು ಬರೆದು, ಪರೀಕ್ಷೆಯ ಹಿಂದಿನ ದಿನ ಮತ್ತೊಮ್ಮೆ ಎಣಿಸುವ ರೂಢಿ ಮಾಡಿಕೊಂಡೆ.

ಶಿಪ್‌ಯಾರ್ಡಿನವರ ಕೆಲಸವನ್ನು ನೌಕಾಪಡೆಯವರು ಬಂದು ಪರೀಕ್ಷಿಸುತ್ತಾರೆಯೇ?

ಹೌದು. ಶಿಪ್‌ಯಾರ್ಡಿಗೆ ತನ್ನದೇ ಗುಣಮಟ್ಟ ವಿಭಾಗವಿರುತ್ತದೆ. ಅದರ ಜೊತೆಗೆ ನೌಕಾಪಡೆಯು ವಾರ್‌ಶಿಪ್ ಓವರ್‌ಸೀಯಿಂಗ್ ಟೀಮ್ ಎಂಬ ತಂಡವನ್ನು ಅಲ್ಲಿಯೇ ನೆಲೆಗೊಳಿಸಿರುತ್ತದೆ. ಅದರಲ್ಲಿ ಎಲೆಕ್ಟ್ರಿಕಲ್ ಅಧಿಕಾರಿಗಳೂ ಇರುತ್ತಾರೆ. ಇವರಿಬ್ಬರ ನಡುವೆ ದಿನವೂ ಚರ್ಚೆ, ಕೆಲವೊಮ್ಮೆ ಬಿರುಸಾದ ವಾದವೂ ನಡೆಯುತ್ತದೆ. ಅದು ಜಗಳವೆಂದು ಹೊಸಬರು ಹೆದರಬೇಕಾಗಿಲ್ಲ. ಆ ವಾದ ನಡೆಯದ ಹಡಗಿನ ಬಗ್ಗೆಯೇ ನನಗೆ ಆತಂಕ ಹೆಚ್ಚು.

ಹಡಗು ಕಟ್ಟಿದ ಮೇಲೆ ವಿದ್ಯುತ್ ವ್ಯವಸ್ಥೆಯನ್ನು ಹೇಗೆ ಪರೀಕ್ಷಿಸುತ್ತಾರೆ?

ಹಡಗನ್ನು ನೀರಿಗಿಳಿಸುವ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆಯಾದರೂ ಎಲೆಕ್ಟ್ರಿಕಲ್‌ನವರ ದೊಡ್ಡ ಕೆಲಸ ಆರಂಭವಾಗುವುದು ಅದರ ನಂತರ. ಮೊದಲು ಪ್ರತಿ ಕೇಬಲ್ಲಿನ ಇನ್ಸುಲೇಷನ್ ಅಳೆದು, ಸ್ವಿಚ್‌ಬೋರ್ಡಿಗೆ ದಡದಿಂದ ವಿದ್ಯುತ್ ಕೊಟ್ಟು, ಬಳಿಕ ಆಲ್ಟರ್ನೇಟರನ್ನು ಒಂದೊಂದಾಗಿ ಚಾಲೂ ಮಾಡಿ ಕೃತಕ ಲೋಡಿನ ಮೇಲೆ ಗಂಟೆಗಟ್ಟಲೆ ಓಡಿಸುತ್ತಾರೆ. ಎರಡು ಆಲ್ಟರ್ನೇಟರುಗಳನ್ನು ಒಟ್ಟಿಗೆ ಜೋಡಿಸುವಾಗ, ಎರಡರ ಹೊಂದಾಣಿಕೆಯನ್ನು ತೋರಿಸುವ ಸಿಂಕ್ರೊಸ್ಕೋಪಿನ ಮುಳ್ಳು ನಿಧಾನವಾಗಿ ತಿರುಗುತ್ತ ಮೇಲಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬ್ರೇಕರ್ ಹಾಕಬೇಕು; ಕಾಲೇಜಿನ ಲ್ಯಾಬಿನಲ್ಲಿ ದೀಪಗಳ ಸಹಾಯದಿಂದ ಮಾಡಿದ ಪ್ರಯೋಗವೇ ಅದು, ಇಲ್ಲಿ ಯಂತ್ರ ಮಾತ್ರ ಮೆಗಾವಾಟಿನದು.

ಬಂದರಿನ ಪರೀಕ್ಷೆಗಳು ಮುಗಿದ ಮೇಲೆ ಸಮುದ್ರ ಪರೀಕ್ಷೆ. ಅಲ್ಲಿ ಬೇಕೆಂದೇ ಆಲ್ಟರ್ನೇಟರನ್ನು ನಿಲ್ಲಿಸಿ ಹಡಗನ್ನು ಕತ್ತಲಾಗಿಸಿ, ವ್ಯವಸ್ಥೆ ತಾನಾಗಿ ಎದ್ದು ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ವಾಣಿಜ್ಯ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ತುರ್ತು ಜನರೇಟರು 45 ಸೆಕೆಂಡಿನೊಳಗೆ ಲೋಡ್ ಹೊರಬೇಕು. ಯುದ್ಧನೌಕೆಯಲ್ಲಿ ಸ್ವಿಚ್‌ಬೋರ್ಡುಗಳನ್ನು ಮುಂಭಾಗ, ಹಿಂಭಾಗಗಳಲ್ಲಿ ಬೇರೆಬೇರೆಯಾಗಿ ಇಟ್ಟು, ಒಂದು ಕಡೆ ಪೆಟ್ಟು ಬಿದ್ದರೂ ಇನ್ನೊಂದರಿಂದ ಮುಖ್ಯ ಉಪಕರಣಗಳಿಗೆ ವಿದ್ಯುತ್ ಸಿಗುವಂತೆ ಎರಡೆರಡು ದಾರಿ ಕೊಟ್ಟಿರುತ್ತಾರೆ. ಆ ಕತ್ತಲಿನಲ್ಲಿ ಫ್ಯಾನುಗಳ ಸದ್ದು ಅಡಗಿ, ನಿಮ್ಮ ಉಸಿರು ನಿಮಗೇ ಕೇಳಿಸುವ ಕೆಲವು ಸೆಕೆಂಡುಗಳನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ಯುದ್ಧನೌಕೆಗೆ ಮಾತ್ರ ವಿಶೇಷವಾದ ವಿದ್ಯುತ್ ಕೆಲಸ ಯಾವುದಾದರೂ ಇದೆಯೇ?

ಒಂದನ್ನು ಹೇಳುವುದಾದರೆ ಡಿಗಾಸಿಂಗ್. ಉಕ್ಕಿನ ಒಡಲು ಭೂಮಿಯ ಕಾಂತಕ್ಷೇತ್ರದಲ್ಲಿ ತಾನೂ ಕಾಂತವಾಗುತ್ತದೆ, ಅದನ್ನು ಗ್ರಹಿಸಿ ಸಿಡಿಯುವ ಮೈನುಗಳು (ಸಮುದ್ರದಲ್ಲಿಡುವ ಸ್ಫೋಟಕಗಳು) ಇವೆ. ಆದ್ದರಿಂದ ಒಡಲಿನೊಳಗೆ ಸುತ್ತಲೂ ಕೇಬಲ್ ಸುರುಳಿಗಳನ್ನು ಹಾಕಿ, ಹಡಗಿನ ದಿಕ್ಕು ಮತ್ತು ಅದಿರುವ ಅಕ್ಷಾಂಶಕ್ಕೆ ತಕ್ಕಂತೆ ಕರೆಂಟನ್ನು ಹೊಂದಿಸಿ ಆ ಕಾಂತತ್ವವನ್ನು ತಗ್ಗಿಸುತ್ತಾರೆ.

ಹಡಗು ಸೇವೆಯಲ್ಲಿರುವಾಗ ಎಲೆಕ್ಟ್ರಿಕಲ್ ಅಧಿಕಾರಿಯ ದಿನಚರಿ ಹೇಗಿರುತ್ತದೆ?

ಓದುವುದು, ಬರೆಯುವುದು, ಹೋಲಿಸುವುದು. ನಿನ್ನೆ ಮೆಗ್ಗರಿನಲ್ಲಿ 20 ಮೆಗಾಓಮ್ ತೋರಿಸಿದ ಮೋಟಾರು ಇಂದು 8 ತೋರಿಸಿದರೆ, ಎರಡೂ ಕನಿಷ್ಠ ಮಿತಿಗಿಂತ ಮೇಲೆಯೇ ಇದ್ದರೂ ಅದು ಏನನ್ನೋ ಹೇಳುತ್ತಿದೆ. ಯಾವುದೇ ಯಂತ್ರವನ್ನು ಬಿಚ್ಚುವ ಮೊದಲು ಬ್ರೇಕರ್ ತೆಗೆದು, ಬೀಗ ಹಾಕಿ, ಫಲಕ ತೂಗುಹಾಕಿ, ವಿದ್ಯುತ್ ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಆ ಟೆಸ್ಟರ್ ಸರಿಯಿದೆಯೆಂದು ವಿದ್ಯುತ್ ಇರುವ ಇನ್ನೊಂದು ಕಡೆ ಹಿಡಿದು ನೋಡಿಕೊಳ್ಳಬೇಕು. ಎಂಜಿನ್ ಕೋಣೆಯ ಉಪಕರಣಗಳನ್ನು 45 ಡಿಗ್ರಿ ಉಷ್ಣತೆಯನ್ನೂ 22.5 ಡಿಗ್ರಿ ಹೊಯ್ದಾಟವನ್ನೂ ತಾಳುವಂತೆ ಮಾಡಿರುತ್ತಾರೆ. ಮನುಷ್ಯರು ಅದಕ್ಕೆ ಅಭ್ಯಾಸದಿಂದ ಒಗ್ಗಿಕೊಳ್ಳಬೇಕು. ದಣಿದ ಕೈ ಮುಟ್ಟಬಾರದ್ದನ್ನು ಮುಟ್ಟುತ್ತದೆ, ಆದ್ದರಿಂದ ನಿದ್ದೆಗೆಟ್ಟವರನ್ನು ಸ್ವಿಚ್‌ಬೋರ್ಡಿನ ಹಿಂದೆ ಕಳಿಸದಿರುವುದೂ ಮೇಲ್ವಿಚಾರಕನ ಹೊಣೆ.

ಬಣ್ಣ ಗುರುತಿಸುವಲ್ಲಿ ತೊಂದರೆ ಇದ್ದರೆ?

ನೌಕಾಪಡೆಗೂ ವಾಣಿಜ್ಯ ಹಡಗುಗಳಿಗೂ ವರ್ಣಾಂಧತೆ ಅಡ್ಡಿಯಾಗುತ್ತದೆ. ಕೊನೆಯ ವರ್ಷದವರೆಗೆ ಕಾಯದೆ ಈಗಲೇ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ.

ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಬಹುದೇ?

ಧಾರಾಳವಾಗಿ ಕಳುಹಿಸಬಹುದು. ಶಿಪ್‌ಯಾರ್ಡಿನ ವಿನ್ಯಾಸ, ಗುಣಮಟ್ಟ ಮತ್ತು ಪರೀಕ್ಷಾ ವಿಭಾಗಗಳಲ್ಲಿ ಮಹಿಳಾ ಎಂಜಿನಿಯರುಗಳು ಇದ್ದಾರೆ, ನೌಕಾಪಡೆಯ ತಾಂತ್ರಿಕ ಶಾಖೆಯ ಶಾರ್ಟ್ ಸರ್ವಿಸ್ (ಸೀಮಿತ ಅವಧಿಯ) ನೇಮಕವೂ ಮಹಿಳೆಯರಿಗೆ ತೆರೆದಿದೆ.

ಸಂಬಳ ಮತ್ತು ಸೇವಾವಧಿ ಹೇಗೆ?

7ನೇ ವೇತನ ಆಯೋಗದ ಪಟ್ಟಿಯಲ್ಲಿ ನೌಕಾಪಡೆಯ ಸಬ್ ಲೆಫ್ಟಿನೆಂಟ್‌ನ ಆರಂಭಿಕ ಮೂಲವೇತನ 56,100 ರೂಪಾಯಿ. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 15,500 ರೂಪಾಯಿ ಮತ್ತು ಭತ್ಯೆಗಳು. ಶಾರ್ಟ್ ಸರ್ವಿಸ್‌ನವರಿಗೆ ಮೊದಲು 10 ವರ್ಷ, ಬಳಿಕ 14 ವರ್ಷದವರೆಗೆ ವಿಸ್ತರಣೆಯ ಅವಕಾಶ. ಸಾರ್ವಜನಿಕ ಶಿಪ್‌ಯಾರ್ಡುಗಳ ವೇತನಶ್ರೇಣಿ ಬೇರೆ.

ನೌಕಾಪಡೆ ಸಿಗದಿದ್ದರೆ ವಾಣಿಜ್ಯ ಹಡಗಿಗೆ ಹೋಗಬಹುದೇ?

ಹೋಗಬಹುದು. ಅಲ್ಲಿನ ಹುದ್ದೆಯ ಹೆಸರು ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್. ಎಲೆಕ್ಟ್ರಿಕಲ್ ಪದವಿಯ ನಂತರ ಡಿಜಿ ಶಿಪ್ಪಿಂಗ್ (ವಾಣಿಜ್ಯ ಹಡಗುಗಳನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಕಚೇರಿ) ಮಾನ್ಯ ಮಾಡಿದ ಸಂಸ್ಥೆಯಲ್ಲಿ ನಾಲ್ಕು ತಿಂಗಳ ತರಬೇತಿ ಪಡೆಯಬೇಕಾಗುತ್ತದೆ. ಒಂದು ಎಚ್ಚರಿಕೆಯ ಮಾತು: ಹಡಗಿನ ಕೆಲಸ ಕೊಡಿಸುತ್ತೇವೆಂದು ದೊಡ್ಡ ಮೊತ್ತ ಕೇಳುವ ಏಜೆಂಟರ ಬಲೆಗೆ ನಮ್ಮ ಊರುಗಳ ಹುಡುಗರು ಬಿದ್ದು, ಮನೆಯವರು ತೋಟ ಅಡವಿಟ್ಟ ಸಂಗತಿಯನ್ನು ಕೇಳಿ ನಾನು ನೊಂದಿದ್ದೇನೆ. ಸಂಸ್ಥೆಗೂ, ಕೆಲಸ ಕೊಡಿಸುವವರಿಗೂ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ ಎಂದು ನೋಡುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡಿ.

ಓದುತ್ತಿರುವಾಗಲೇ ಊರಿನಲ್ಲಿದ್ದುಕೊಂಡು ಏನು ತಯಾರಿ ಮಾಡಬಹುದು?

ಎಲೆಕ್ಟ್ರಿಕಲ್ ಮೆಷಿನ್ಸ್, ಸ್ವಿಚ್‌ಗೇರ್ ಮತ್ತು ಪ್ರೊಟೆಕ್ಷನ್, ಪವರ್ ಎಲೆಕ್ಟ್ರಾನಿಕ್ಸ್ ಈ ಮೂರನ್ನು ಪರೀಕ್ಷೆಯ ಅಂಕಕ್ಕಷ್ಟೇ ಓದಿ ಬಿಡಬೇಡಿ. ರಜೆಯಲ್ಲಿ ಕಾರವಾರಕ್ಕೆ ಹೋದರೆ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಒಳಗೆ ಹೋದಾಗ ಕ್ಷಿಪಣಿಯನ್ನು ನೋಡಿ ಮುಗಿಸಿ, ತಲೆ ಎತ್ತಿ ಕೇಬಲ್ಲುಗಳು ಎಲ್ಲಿಂದ ಎಲ್ಲಿಗೆ ಹೋಗಿವೆಯೆಂದು ನೋಡಿ.

ಇನ್ನೊಂದು ಅಭ್ಯಾಸಕ್ಕೆ ಊರೇ ಸಾಕು. ಪರಿಚಯದವರ ತೋಟದಲ್ಲಿ ಅನುಮತಿ ಪಡೆದು, ಅನುಭವವಿರುವ ಎಲೆಕ್ಟ್ರಿಷಿಯನ್ ಒಬ್ಬರ ಜೊತೆಯಲ್ಲಿ, ಒಂದೇ ಪಂಪ್ ಮೋಟಾರಿನ ಇನ್ಸುಲೇಷನ್ನನ್ನು ಸಪ್ಲೈ ತೆಗೆದು ಬೀಗ ಹಾಕಿದ ಮೇಲೆ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ದಿನಾಂಕ, ಮಳೆ ಇತ್ತೇ ಬಿಸಿಲಿತ್ತೇ, ಮೋಟಾರು ಓಡಿ ಎಷ್ಟು ದಿನವಾಗಿತ್ತು, ಮುಳ್ಳು ಎಲ್ಲಿ ನಿಂತಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆದು, ಕೆಳಗೆ ಸಹಿ ಹಾಕಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ.